ದೂರದ ವಿಮಾನ ಪ್ರಯಾಣ: ಕಾಲುಗಳನ್ನು ಮರೆಯಬೇಡಿ 🦵

ಮಗಳ ಬಾಣಂತನಕ್ಕೆಂದು ಕೋಲ್ಕತ್ತದಿಂದ ನ್ಯೂಯಾರ್ಕ್‌ಗೆ ಹೊರಟಿದ್ದೀರಾ? ದುಬೈವರೆಗೆ ಸುಮಾರು 5 ಗಂಟೆ, ಅಲ್ಲಿಂದ ಮತ್ತೆ ಸುಮಾರು 14 ಗಂಟೆ ಕುಳಿತೇ ಇರಬೇಕು. ಚಟ್ನಿಪುಡಿ, ಅಂಟಿನುಂಡೆ ಕಟ್ಟುವ ಗಡಿಬಿಡಿಯಲ್ಲಿ ಕಾಲುಗಳನ್ನು ಮರೆಯಬೇಡಿ.

4 ಗಂಟೆಗೂ ಹೆಚ್ಚು ಅಲುಗಾಡದೆ ಕುಳಿತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಹೆದರಬೇಡಿ, ಹೀಗಾಗುವುದು ಅಪರೂಪ. ಆದರೆ ಎಚ್ಚರವಿರಲಿ.

✅ ಕುಳಿತಲ್ಲೇ ಪಾದ ಆಡಿಸಿ, ಆಗಾಗ ಎದ್ದು ನಡೆಯಿರಿ.
✅ ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ನೀರು ಕುಡಿಯುವುದನ್ನು ಬಿಡಬೇಡಿ.
✅ ಬಿಪಿ, ಶುಗರ್ ಮಾತ್ರೆ, ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ.
✅ ಇತ್ತೀಚೆಗೆ ಆಪರೇಷನ್ ಆಗಿದ್ದರೆ ಮೊದಲೇ ವೈದ್ಯರನ್ನು ಕೇಳಿ.

⚠️ ಇಳಿದ ಮೇಲೆ ಒಂದೇ ಕಾಲು ಊದಿ ನೋಯುತ್ತಿದ್ದರೆ, ಉಸಿರಾಡಲು ಕಷ್ಟವಾದರೆ ಅದು ಪ್ರಯಾಣದ ದಣಿವೆಂದು ಸುಮ್ಮನಿರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ವಿದೇಶಕ್ಕೆ ಹೊರಟಿರುವ ಹಿರಿಯರಿಗೆ ಇದನ್ನು ತಲುಪಿಸಿ 🙏