ಕಿಟ್ಟಿನ ಬೆಲೆ ನೋಡಿ ಆಟ ಆರಿಸಬೇಡಿ

ಬೇಸಿಗೆ ರಜೆ ಬಂತೆಂದರೆ ಅಪ್ಪ–ಅಮ್ಮಂದಿರ ಬಾಯಲ್ಲಿ ಒಂದೇ ಲೆಕ್ಕ: ಕ್ರಿಕೆಟ್ ದುಬಾರಿ, ಶಟಲ್ ಅಗ್ಗ, ಖೋಖೋ ಪುಕ್ಕಟೆ ನಿಜ, ಆದರೆ ಅದರಿಂದ ಏನು ಬಂತು? ಈ ಮೂರರಲ್ಲಿ ಒಂದೂ ಪೂರ್ತಿ ನಿಜವಲ್ಲ.

ಶಟಲ್‌ನಿಂದಲೇ ಶುರು ಮಾಡುತ್ತೇನೆ. ನಮ್ಮ ಮನೆಯ ಲೆಕ್ಕ ತಪ್ಪಿದ್ದು ಅಲ್ಲೇ. ಮಗಳಿಗೆ ರ‍್ಯಾಕೆಟ್, ಶೂ ಕೊಡಿಸಿದಾಗ ಖರ್ಚು ಮುಗಿಯಿತು ಅಂದುಕೊಂಡಿದ್ದೆ. ನೈಲಾನ್ ಕಾಕ್ ಇರುವವರೆಗೆ ಹಾಗೇ ನಡೆಯಿತು. ಆಟ ಕುದುರಿದ ಮೇಲೆ ಫೆದರ್ ಕಾಕ್ ಬಂತು. ಬಾತಿನ ಇಲ್ಲವೇ ಹೆಬ್ಬಾತಿನ 16 ಗರಿಗಳನ್ನು ಕಾರ್ಕಿಗೆ ನೆಟ್ಟು, ದಾರ ಸುತ್ತಿ, ಅಂಟು ಹಾಕಿದ ವಸ್ತು. ತೂಕ ಐದು ಗ್ರಾಂ ಆಸುಪಾಸು. ಒಂದು ಸ್ಮಾಷ್ ಓರೆಯಾಗಿ ತಗುಲಿದರೆ ಸಾಕು, ಗರಿ ಚಟ್ ಎನ್ನುತ್ತದೆ. ಒಂದೇ ಗರಿ ಮುರಿದರೂ ಕಾಕ್ ಗಾಳಿಯಲ್ಲಿ ಓಲಾಡುತ್ತದೆ, ಆಡಲು ಬರುವುದಿಲ್ಲ. 12 ಕಾಕ್‌ಗಳ ಒಳ್ಳೆಯ ಡಬ್ಬಿ ಸಾವಿರ ರೂಪಾಯಿ ದಾಟುತ್ತದೆ. ಅದರ ಮೇಲೆ ರ‍್ಯಾಕೆಟ್ಟಿನ ತಂತಿ ಬಿಗಿಸುವ ಗಟ್ಟಿಂಗ್, ಕೋರ್ಟ್ ಬಾಡಿಗೆ, ಟೂರ್ನಿಗೆ ಹೋದರೆ ಬಸ್ಸು, ಲಾಡ್ಜು. ಜೇಬು ಖಾಲಿ ಮಾಡುವುದು ಅಂಗಡಿಯಲ್ಲಿ ಒಮ್ಮೆ ಕೊಂಡ ಸಾಮಾನಲ್ಲ. ದಿನವೂ ಸವೆಯುವ ಸಾಮಾನು, ಮತ್ತೆ ಓಡಾಟ.

ಹಾಗೆಂದು ಶಟಲ್ ಉಳ್ಳವರ ಆಟ ಎನ್ನುವುದೂ ತಪ್ಪು. 1980ರಲ್ಲಿ ಆಲ್ ಇಂಗ್ಲೆಂಡ್ ಟೂರ್ನಿ ಗೆದ್ದ ಪ್ರಕಾಶ್ ಪಡುಕೋಣೆ ಹುಡುಗನಾಗಿ ಆಡಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ, ಮದುವೆ ಇಲ್ಲದ ದಿನಗಳಲ್ಲಿ.

ಕ್ರಿಕೆಟ್ಟಿನ ಕಿಟ್ ದುಬಾರಿ ಹೌದು. ಮಗು ಬೆಳೆದಂತೆ ಬ್ಯಾಟು, ಪ್ಯಾಡು ಗಿಡ್ಡವಾಗುತ್ತವೆ. ಆದರೆ ಅಣ್ಣನ ಪ್ಯಾಡು ತಮ್ಮನಿಗೆ ಬರುತ್ತದೆ, ಕಲಿಯುವವರಿಗೆ ಕಾಶ್ಮೀರ ವಿಲೋ ಬ್ಯಾಟೇ ಸಾಕು. ನನಗೆ ಬೇಸರವಾಗುವುದು ಬೇರೆ ಕಾರಣಕ್ಕೆ. ಒಂಬತ್ತನೇ ಕ್ರಮಾಂಕದ ಹುಡುಗ ಬೆಳಿಗ್ಗೆ ಐದಕ್ಕೆ ಎದ್ದು ಮ್ಯಾಚಿಗೆ ಹೋಗಿ, ಬ್ಯಾಟೂ ಹಿಡಿಯದೆ, ಒಂದು ಓವರೂ ಹಾಕದೆ ಮನೆಗೆ ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕೊಟ್ಟ ಫೀಸನ್ನು ತಿಂಗಳಿಂದ ಭಾಗಿಸಬೇಡಿ, ಮಗು ನಿಜವಾಗಿ ಆಡಿದ ಗಂಟೆಗಳಿಂದ ಭಾಗಿಸಿ. ಆಗ ಯಾವುದು ಅಗ್ಗ ಎಂಬ ಉತ್ತರವೇ ಬದಲಾಗುತ್ತದೆ.

ಆ ಲೆಕ್ಕದಲ್ಲಿ ಖೋಖೋವನ್ನು ಮೀರಿಸುವುದು ಕಷ್ಟ. ಎರಡು ಕಂಬ, ಸುಣ್ಣದ ಗೆರೆ, ಅಷ್ಟೇ. ಎಂಟು ಜನ ಕೂತಿರುತ್ತಾರೆ, ಒಬ್ಬರು ಅಟ್ಟುತ್ತಾರೆ. ಕೂತವರೂ ಸುಮ್ಮನೆ ಕೂತವರಲ್ಲ. ಬೆನ್ನ ಹಿಂದೆ ‘ಖೋ’ ಕೇಳಿದ ಕ್ಷಣಕ್ಕೆ ಚಿಮ್ಮಬೇಕು, ಹಿಡಿದ ದಿಕ್ಕನ್ನು ಕಂಬ ಮುಟ್ಟುವ ತನಕ ಬಿಡುವಂತಿಲ್ಲ. ಪ್ರಯೋಜನವಿಲ್ಲ ಎನ್ನುವವರಿಗೆ: 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಕೇಂದ್ರ ಸರ್ಕಾರದ ನೌಕರಿಗಳ ಕ್ರೀಡಾ ಕೋಟಾ ಪಟ್ಟಿಯಲ್ಲಿ ಖೋಖೋ, ಕಬಡ್ಡಿ ಎರಡೂ ಇವೆ.

ಆದರೆ ಹಾಕಿದ ದುಡ್ಡು ಕೋಟಾದ ನೌಕರಿಯಿಂದ ವಾಪಸ್ ಬರುತ್ತದೆ ಎಂದು ಮಕ್ಕಳನ್ನು ಯಾವ ಆಟಕ್ಕೂ ಸೇರಿಸಬೇಡಿ. ಅದಕ್ಕೆ ರಾಷ್ಟ್ರ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟ್ ಬೇಕು, ಹುದ್ದೆಗಳೋ ಬೆರಳೆಣಿಕೆ. ನಿಜವಾಗಿ ಚುರುಕಿರುವ ಮಗುವಿಗೆ ಸಾಲ ಮಾಡಬೇಕಾಗಿಯೂ ಇಲ್ಲ. ರಾಜ್ಯ ಕ್ರೀಡಾ ಇಲಾಖೆಯ ಹಾಸ್ಟೆಲ್‌ಗಳಲ್ಲಿ ಆಯ್ಕೆಯಾದವರಿಗೆ ಊಟ, ವಸತಿ, ತರಬೇತಿ ಉಚಿತ. ಈ ಆಯ್ಕೆಯ ಸುದ್ದಿ ಹಳ್ಳಿ ಶಾಲೆಗಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು ಎಂಬುದು ನನ್ನ ಆಸೆ.

ಆರನೇ ವಯಸ್ಸಿಗೇ ಒಂದೇ ಆಟ ಹಿಡಿಸಬೇಕು ಎಂಬ ಅವಸರವೂ ಬೇಡ. 15–16ರವರೆಗೆ ಹಲವು ಆಟ ಆಡಲಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲೇ ಹೇಳಿದೆ. ಒಂದೇ ಕೀಲು, ಒಂದೇ ಸ್ನಾಯು ದಿನವೂ ಸವೆಯಬಾರದಲ್ಲ. ನನ್ನ ಮಗಳೀಗ ವಾರಕ್ಕೆರಡು ದಿನ ಶಟಲ್ ಆಡುತ್ತಾಳೆ, ಉಳಿದ ಸಂಜೆ ಶಾಲೆಯ ಖೋಖೋ ಅಂಗಳದಲ್ಲಿರುತ್ತಾಳೆ. ಮನೆಗೆ ಬರುವಾಗ ಎರಡೂ ಮಂಡಿಯಲ್ಲಿ ಕೆಂಪು ಮಣ್ಣು.