ಹದಿನೇಳನೇ ಕರೆಕ್ಷನ್



ಹೋದ ವರ್ಷ ರಾಜ್ಯೋತ್ಸವದ ನಾಟಕಕ್ಕೆ ರಿಹರ್ಸಲ್ ನಡೆಯುತ್ತಿದ್ದಾಗಿನ ಮಾತು. ನಮ್ಮನ್ನೆಲ್ಲ ನಗಿಸುತ್ತಿದ್ದ ಗೆಳೆಯನೊಬ್ಬ ಎರಡು ಗುರುವಾರ ಬರಲಿಲ್ಲ. ಮೂರನೆಯ ಗುರುವಾರ "ಕೆಲಸ ಜಾಸ್ತಿ ಅಣ್ಣಾ, ನನ್ನ ಪಾತ್ರ ಬೇರೆಯವರಿಗೆ ಕೊಡಿ" ಎಂದು ಮೆಸೇಜ್ ಬಂತು. ದೋಹಾದಲ್ಲಿ ಕೆಲಸ ಜಾಸ್ತಿ ಎಂದವರನ್ನು ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಪಾತ್ರ ಬೇರೆಯವರಿಗೆ ಹೋಯಿತು, ನಾಟಕ ಚೆನ್ನಾಗಿ ಆಯಿತು, ಬಿಸಿಬೇಳೆಬಾತ್ ಇನ್ನೂ ಚೆನ್ನಾಗಿತ್ತು!

ತಿಂಗಳ ನಂತರ ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್‌ನಲ್ಲಿ ಸಿಕ್ಕ. ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಕಾರಿನಲ್ಲಿ ಕೂರಿಸಿಕೊಂಡು ಕೇಳಿದೆ. (ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಎಂದಿದ್ದಾನೆ.)

ಅವನು ವಿಡಿಯೋ ಎಡಿಟರ್. ಒಂದೂವರೆ ನಿಮಿಷದ ಜಾಹೀರಾತಿಗೆ ಕ್ಲೈಂಟ್ ಹದಿನೇಳನೇ ಸಲ ಕರೆಕ್ಷನ್ ಕಳಿಸಿದ್ದರಂತೆ. ಅಂದಿನಿಂದ ಕಂಪ್ಯೂಟರ್ ತೆರೆಯಲು ಕೈ ಬರುತ್ತಿರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. "ನನಗೆ ಇನ್ನು ಎಂತದೂ ಬರುದಿಲ್ಲ ಅಣ್ಣಾ, ಇಷ್ಟು ದಿನ ಎಲ್ಲರಿಗೂ ಮೋಸ ಮಾಡ್ತಾ ಇದ್ದೆ ಅನಿಸ್ತದೆ" ಎಂದ.

ನಾನು ಗ್ರಾಫಿಕ್ ಡಿಸೈನರ್, ಹಾಗಾಗಿ ಈ ಮಾತು ನನಗೆ ಹೊಸತಲ್ಲ. ಲೆಕ್ಕಪತ್ರದವರ ಲೆಕ್ಕ ತಪ್ಪಿದರೆ ತಪ್ಪಿದ್ದು ಲೆಕ್ಕ. ನಮ್ಮ ಕೆಲಸಕ್ಕೆ "ಚೆನ್ನಾಗಿಲ್ಲ" ಎಂದರೆ ನಾವೇ ಚೆನ್ನಾಗಿಲ್ಲ ಎಂದಂತೆ ಕೇಳಿಸುತ್ತದೆ. 2022ರ ವಿಶ್ವಕಪ್‌ಗೆ ಮುಂಚಿನ ತಿಂಗಳುಗಳಲ್ಲಿ ನಾನೂ ಹೀಗೇ ಆಗಿದ್ದೆ. ನನ್ನ ಹೆಂಡತಿ ಗಮನಿಸಿದಳು, ನಾನು ಬಚಾವಾದೆ. ಇವನು ಇಲ್ಲಿ ಒಬ್ಬನೇ.

ದೀಪಿಕಾ ಪಡುಕೋಣೆಯ ಕಥೆ ನಿಮಗೆ ಗೊತ್ತಿರಬಹುದು. ಬೆಂಗಳೂರಿನಲ್ಲಿ ಬೆಳೆದ ಹುಡುಗಿ, 2006ರಲ್ಲಿ ನಮ್ಮ ಕನ್ನಡದ 'ಐಶ್ವರ್ಯ'ದಿಂದಲೇ ಸಿನಿಮಾಕ್ಕೆ ಬಂದವರು. 2014ರಲ್ಲಿ, ಹೆಸರು ಹಣ ಎಲ್ಲ ಇದ್ದಾಗಲೇ ಖಿನ್ನತೆ ಹಿಡಿಯಿತು. ಮುಂಬೈಗೆ ಬಂದಿದ್ದ ಅಪ್ಪ ಅಮ್ಮನ ಮುಂದೆ ಏನೂ ಆಗಿಲ್ಲವೆಂಬಂತೆ ಇದ್ದರು. ಅವರು ಬೆಂಗಳೂರಿಗೆ ಹೊರಡುವ ದಿನ ಅತ್ತುಬಿಟ್ಟರು. ಕೆಲಸದ ತೊಂದರೆಯಾ, ಇನ್ನೇನಾದರೂ ಇದೆಯಾ ಎಂದು ಅಮ್ಮ ವಿಚಾರಿಸಿದರು. ಇದು ಬೇರೆಯದೇ ಅಳು ಎಂದು ಅವರಿಗೆ ಗೊತ್ತಾಯಿತು, ಯಾರಿಗಾದರೂ ತೋರಿಸಬೇಕು ಎಂದರು. 2015ರಲ್ಲಿ ದೀಪಿಕಾ ಇದನ್ನು ಬಹಿರಂಗವಾಗಿ ಹೇಳಿ, ಅದೇ ವರ್ಷ 'ಲಿವ್ ಲವ್ ಲಾಫ್' ಪ್ರತಿಷ್ಠಾನ ಕಟ್ಟಿದರು. ಅದರ ಗ್ರಾಮೀಣ ಕೆಲಸ ಶುರುವಾದದ್ದು ನಮ್ಮ ದಾವಣಗೆರೆಯಲ್ಲಿ. ನನಗೆ ಈ ಕಥೆಯಲ್ಲಿ ದೊಡ್ಡವರಾಗಿ ಕಾಣುವುದು ಆ ಅಮ್ಮನೇ.

ಇದು ತಾರೆಯರಿಗೆ ಮಾತ್ರ ಬರುವ ಕಾಯಿಲೆಯೂ ಅಲ್ಲ. ಬ್ರಿಟನ್ನಿನ ಫಿಲ್ಮ್ ಅಂಡ್ ಟಿವಿ ಚಾರಿಟಿ 2019ರಲ್ಲಿ ಅಲ್ಲಿನ ಸಿನಿಮಾ, ಟೀವಿ ಕೆಲಸಗಾರರನ್ನು ಕೇಳಿದಾಗ, ಉತ್ತರಿಸಿದವರಲ್ಲಿ ಶೇಕಡಾ 87 ಮಂದಿ ಜೀವನದಲ್ಲಿ ಒಮ್ಮೆಯಾದರೂ ಮಾನಸಿಕ ತೊಂದರೆ ಅನುಭವಿಸಿದ್ದಾಗಿ ಹೇಳಿದರು. ತೆರೆಯ ಹಿಂದೆ ದುಡಿಯುವವರೂ ಸೇರಿದ ಲೆಕ್ಕ ಇದು.

ಕಾರಿನಲ್ಲಿ ಕೂತಾಗ ಒಂದು ಪ್ರಶ್ನೆ ಕೇಳಲು ನನಗೆ ಬಾಯಿ ಬರಲಿಲ್ಲ. ಕೊನೆಗೆ ಕೇಳಿದೆ: "ಬದುಕೇ ಬೇಡ ಅನಿಸ್ತಾ ಇದೆಯಾ?" ಹೀಗೆ ನೇರವಾಗಿ ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ ಎನ್ನುತ್ತಾರೆ ವೈದ್ಯರು. "ಅಷ್ಟಕ್ಕೆ ಹೋಗಲಿಲ್ಲ" ಎಂದ. ಹೋಗಿದ್ದರೆ ಅವನನ್ನು ಒಬ್ಬನೇ ಬಿಡದೆ 999ಕ್ಕೆ ಕರೆ ಮಾಡಬೇಕಿತ್ತು.

ಅವನ ಭಯ ಬೇರೆಯೇ. ಡಾಕ್ಟರ ಹತ್ತಿರ ಹೋದರೆ ಕಂಪನಿಗೆ ಗೊತ್ತಾಗುತ್ತದೆ, ಕಳಿಸಿಬಿಡುತ್ತಾರೆ! ವೀಸಾ ಕೆಲಸಕ್ಕೆ ಕಟ್ಟಿಕೊಂಡಿರುವ ನಮಗೆಲ್ಲ ಇದು ಇದ್ದದ್ದೇ. ಆದರೆ ಕತಾರ್‌ನಲ್ಲಿ 2016ರಿಂದಲೇ ಮಾನಸಿಕ ಆರೋಗ್ಯಕ್ಕೆ ಪ್ರತ್ಯೇಕ ಕಾನೂನಿದೆ. 2020ರಲ್ಲಿ, ಕೊರೋನಾ ಕಾಲದಲ್ಲಿ, 16000 ಸಂಖ್ಯೆಯ ಸಹಾಯವಾಣಿ ಶುರುವಾಯಿತು. ಹೇಳಿದ್ದು ಗುಟ್ಟಾಗಿರುತ್ತದೆ, ಕಂಪನಿಯ ಪತ್ರವೇನೂ ಬೇಡ. ಅಲ್ಲೇ ಕೂತು ನಂಬರ್ ಒತ್ತಿದ. ನಾನು ಕಾರಿನಿಂದಿಳಿದು ಹೊರಗೆ ನಿಂತೆ.

ಡಾಕ್ಟರ್ ಖಿನ್ನತೆ ಎಂದರು. ಸಿಕ್ ಲೀವ್ ಹಾಕಲು ಅವನಿಗೆ ಧೈರ್ಯ ಬರಲಿಲ್ಲ, ವಾರ್ಷಿಕ ರಜೆಯಲ್ಲೇ ಊರಿಗೆ ಹೋದ. ಅದು ಸರಿಯಲ್ಲ, ಆದರೆ ಅವನ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ. ಮನೆಯಲ್ಲಿ ಮೊದಲು ದೇವಸ್ಥಾನಕ್ಕೆ ಹೋಗಿ ಬಾ ಎಂದರಂತೆ. ಹೋಗಿ ಬಂದ, ಮಾತ್ರೆಯನ್ನೂ ಬಿಡಲಿಲ್ಲ. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು, ನಾಲ್ಕೇ ದಿನಕ್ಕೆ ನಿಲ್ಲಿಸಬಾರದು. ಊರಿನಿಂದ 14416ಕ್ಕೂ ಮಾತಾಡಿದ. ಅದು ಭಾರತ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಉಚಿತ ಟೆಲಿ ಮಾನಸ್ ಸಹಾಯವಾಣಿ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೂ ಮಾತಾಡಬಹುದು. "ಕನ್ನಡದಲ್ಲಿ ಹೇಳುವಾಗ ಅಳು ಬಂತು ಅಣ್ಣಾ, ಇಂಗ್ಲಿಷಿನಲ್ಲಿ ಬಂದಿರಲಿಲ್ಲ" ಎಂದ. ಊರಿನಲ್ಲಿರುವ ನಿಮ್ಮ ಮನೆಯವರಿಗೂ ಈ ನಂಬರ್ ಕೊಟ್ಟಿರಿ.

ಒಂದು ಎಚ್ಚರಿಕೆ. ನಿದ್ರೆ ಮಾತ್ರೆ, ಆತಂಕದ ಮಾತ್ರೆಗಳನ್ನು ಬರುವವರ ಕೈಯಲ್ಲಿ ತರಿಸಿಕೊಳ್ಳಬೇಡಿ. ಅವುಗಳಲ್ಲಿ ಹಲವಕ್ಕೆ ಇಲ್ಲಿ ನಿರ್ಬಂಧವಿದೆ, ಏರ್‌ಪೋರ್ಟ್‌ನಲ್ಲಿ ಸಿಕ್ಕಿಬಿದ್ದರೆ ಜೈಲಿನವರೆಗೂ ಹೋಗಬಹುದು. ನಿಮ್ಮದೇ ಔಷಧಿಯಾದರೂ ಇಲ್ಲಿ ಅನುಮತಿ ಇದೆಯೇ ಎಂದು ಮೊದಲೇ ವಿಚಾರಿಸಿ, ಡಾಕ್ಟರ ಚೀಟಿ ಇಟ್ಟುಕೊಂಡು ಬನ್ನಿ. ಇನ್ನೊಬ್ಬರ ಪೊಟ್ಟಣವನ್ನಂತೂ ಮುಟ್ಟಲೇಬೇಡಿ.

ಗೆಳೆಯ ವಾಪಸು ಬಂದಿದ್ದಾನೆ. ಇನ್ನೂ ಪೂರ್ತಿ ಮೊದಲಿನಂತಾಗಿಲ್ಲ, ಔಷಧಿ ನಡೆಯುತ್ತಿದೆ. ಯುಗಾದಿ ಆಹ್ವಾನದ ವಿಡಿಯೋ ತಾನೇ ಮಾಡುತ್ತೇನೆ ಎಂದು ಮುಂದೆ ಬಂದ. ಕರೆಕ್ಷನ್ ಎರಡೇ ಸಲ ಎಂದು ಕರಾರು ಹಾಕಿದ. ನಮ್ಮ ಕಮಿಟಿಯ ಹಿರಿಯರೊಬ್ಬರು ಮೂರನೆಯದನ್ನೂ ಹೇಳಿಯೇಬಿಟ್ಟರು. "ಆಗುದಿಲ್ಲ" ಎಂದ!