ಮಗು ಎಷ್ಟು ಕೆಜಿ ಉಂಟು?

ಕಾಪು ಕಡೆಯ ಉಪಕೇಂದ್ರದಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿದ್ದಾಗ ನನಗೆ ತಾಯಂದಿರಿಗಿಂತ ಅಜ್ಜಿಯಂದಿರ ಹೆದರಿಕೆಯೇ ಹೆಚ್ಚು. ಚುಚ್ಚುಮದ್ದಿನ ದಿನ ಮಗುವನ್ನು ತಕ್ಕಡಿಯಿಂದ ಇಳಿಸುವ ಮೊದಲೇ ಶುರು: "ಸಿಸ್ಟರೇ, ಎಷ್ಟು ಕೆಜಿ ಉಂಟು? ಆಚೆಮನೆಯದ್ದು ಎಂಟು ದಾಟಿತಂತೆ!" ಮುಂಬಯಿಯಿಂದ ಬಾಣಂತನಕ್ಕೆ ಬಂದ ಮಗಳ ಮಗುವಾದರೆ ಕೇಳುವುದೇ ಬೇಡ. ವಾಪಸು ಕಳಿಸುವಾಗ ಮಗು ಗುಂಡಗೆ ಕಾಣದಿದ್ದರೆ ಬೀಗರೆದುರು ಅಜ್ಜಿಯ ಮರ್ಯಾದೆಯೇ ಹೋದಂತೆ.

ನಿವೃತ್ತಿಯಾದ ಮೇಲೆ ಬೇರೆ ಥರದ ದೂರು ಕೇಳುತ್ತಿದ್ದೇನೆ. ಕಾರ್ಕಳದ ಮದುವೆಯೊಂದರಲ್ಲಿ ಒಬ್ಬ ತಾಯಿ ಎಂಟು ವರ್ಷದ ಮಗನ ಹೊಟ್ಟೆ ತೋರಿಸಿ, "ಹುಟ್ಟುವಾಗ ಎರಡೂಕಾಲು ಕೆಜಿ, ಈಗ ನೋಡಿ, ಎಂತ ಮಾಡುವುದು?" ಎಂದರು. ಸಣ್ಣದಾಗಿ ಹುಟ್ಟಿದ್ದಕ್ಕೂ ಈಗಿನ ಹೊಟ್ಟೆಗೂ ಸಂಬಂಧವೇ ಇಲ್ಲ ಎಂಬಂತೆ ಅವರಿಗೆ ಆಶ್ಚರ್ಯ. ಸಂಬಂಧ ಉಂಟು. ಅದನ್ನು ಹುಡುಕಿದವರಲ್ಲಿ ನಮ್ಮ ಮೈಸೂರಿನವರೂ ಇದ್ದಾರೆ.

ಮೈಸೂರಿನ ಜನ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ದಾಖಲೆಗಳಿದ್ದವು. ಆಗ ದಾದಿಯರು ಬರೆದದ್ದು ಯಾರದೋ ಕೆಲಸಕ್ಕೆ ಬಂತು ನೋಡಿ! ಇಂಗ್ಲೆಂಡಿನ ಸೌತಾಂಪ್ಟನ್‌ನ ಡಾ. ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆ ದಾಖಲೆಗಳ ಮಕ್ಕಳನ್ನು ದೊಡ್ಡವರಾದ ಮೇಲೆ ಪತ್ತೆಹಚ್ಚಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು ಕಂಡಿತು. 1997-98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರಿಂದ 'ಪಾರ್ಥೆನಾನ್' ಅಧ್ಯಯನ ಶುರುವಾಯಿತು. ಹುಟ್ಟಿದ ಮಕ್ಕಳನ್ನು ಡಾ. ಜಿ. ವಿ. ಕೃಷ್ಣವೇಣಿ ಮತ್ತು ತಂಡ ವರ್ಷ ವರ್ಷವೂ ಕರೆದು ಅಳೆದರು. ತೂಕವಷ್ಟೇ ಅಲ್ಲ, ತೋಳಿನ, ಬೆನ್ನಿನ ಚರ್ಮವನ್ನು ಸಣ್ಣ ಇಕ್ಕಳದಂಥ ಉಪಕರಣದಿಂದ ಹಿಡಿದು ಅದರಡಿಯ ಕೊಬ್ಬಿನ ದಪ್ಪವನ್ನೂ ನೋಡಿದರು.

ಮೈಸೂರಿನ ಮಗು ಬ್ರಿಟನ್ನಿನ ಮಗುವಿಗಿಂತ ಎಲ್ಲದರಲ್ಲೂ ಸಣ್ಣದು. ಹೆಗಲಮೂಳೆಯ ಕೆಳಗಿನ ಕೊಬ್ಬಿನಲ್ಲಿ ಮಾತ್ರ ಕೊರತೆ ತೀರಾ ಕಡಿಮೆ. ನಾಲ್ಕು ವರ್ಷಕ್ಕೆ ಆ ಕೊಬ್ಬು ಅಲ್ಲಿಯವರನ್ನೂ ಮೀರಿತ್ತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತಂಡ 2003ರಲ್ಲಿ ಪ್ರಕಟಿಸಿದ್ದೂ ಇಂಥದ್ದೇ: ಅಲ್ಲಿನ ಹಳ್ಳಿಗಳ ಮಕ್ಕಳ ಜನನತೂಕ ಸರಾಸರಿ 2.7 ಕೆಜಿ, ಸೌತಾಂಪ್ಟನ್‌ನದು 3.5. ಕೊರತೆಯಾದದ್ದು ಸ್ನಾಯುವಿನಲ್ಲಿ, ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು. ಅಂಥ ಮಗುವನ್ನು ಬೇಗ ಬೇಗ ಗುಂಡಗೆ ಮಾಡಹೊರಟರೆ ಯಾವುದು ಬೆಳೆದೀತು?

ಇಲ್ಲಿ ವಿಷಯ ಸ್ವಲ್ಪ ಸಿಕ್ಕಾಗಿದೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಿನ ಮಕ್ಕಳಲ್ಲಿ, ಮೊದಲ ಎರಡು ವರ್ಷ ತೂಕ ಸರಸರನೆ ಏರಿದವರಿಗೆ ಐದು ವರ್ಷಕ್ಕೆ ಕೊಬ್ಬು ಹೆಚ್ಚಿತ್ತು. ಇದು 2000ದಲ್ಲಿ ಪ್ರಕಟವಾದದ್ದು. ಆದರೆ 1969-72ರಲ್ಲಿ ದೆಹಲಿಯಲ್ಲಿ ಹುಟ್ಟಿದವರ ಲೆಕ್ಕ ಬೇರೆ ಹೇಳುತ್ತದೆ: ಶೈಶವದಲ್ಲಿ ಮೈತುಂಬಿದ್ದು ದೊಡ್ಡವರಾದಾಗ ಸ್ನಾಯುವಾಗಿ ಹೆಚ್ಚು ಉಳಿದಿದೆ, ಬಾಲ್ಯದ ಕೊನೆಯ ವರ್ಷಗಳಲ್ಲಿ ತುಂಬಿದ್ದು ಕೊಬ್ಬಾಗಿ. ನಮ್ಮ ಮಕ್ಕಳಿಗೆ ದೆಹಲಿಯ ಮಾತೇ ಹತ್ತಿರ ಎಂದು ನನಗನಿಸುತ್ತದೆ. ಹಾಗಾಗಿ ಕಡಿಮೆ ತೂಕದ ಶಿಶುವಿಗೆ ಹಾಲು, ಊಟ ಕಡಿಮೆ ಮಾಡಬೇಡಿ. ಅದು ದೊಡ್ಡ ಅನ್ಯಾಯ. ಎದೆಹಾಲು ಕುಡಿದು ಉದ್ದವೂ ತೂಕವೂ ಜೊತೆಗೆ ಏರಿದರೆ ಸಂತೋಷಪಡಿ.

ಎಡವುವುದು ಆಮೇಲೆ. ಸುಮಾರು ಒಂಬತ್ತು ತಿಂಗಳವರೆಗೆ ಮಗು ಕೊಬ್ಬಿ ತುಂಬಿಕೊಳ್ಳುತ್ತದೆ. ಮತ್ತೆ ನಡೆದು ಓಡಿ ಉದ್ದವಾಗುತ್ತಾ ಐದಾರು ವರ್ಷದವರೆಗೆ ತೆಳ್ಳಗಾಗುತ್ತದೆ. ಪಕ್ಕೆಲುಬು ಕಂಡರೂ ಚಟುವಟಿಕೆಯಿಂದಿದ್ದು, ತಾಯಿ ಕಾರ್ಡಿನ ಬೆಳವಣಿಗೆಯ ಗೆರೆಯಲ್ಲೇ ಇದ್ದರೆ ಅದು ಸಹಜ. ಮತ್ತೆ ಮೈತುಂಬುವುದು ಆಮೇಲೆ. ಈ ತಿರುವು ಬೇಗ ಬಂದ ಮಕ್ಕಳಲ್ಲಿ ಮುಂದೆ ಕೊಬ್ಬು ಹೆಚ್ಚು. ದೆಹಲಿಯ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಸೂಚನೆಯೂ ಅವರಲ್ಲೇ ಹೆಚ್ಚು ಕಂಡದ್ದು. ನಮ್ಮಲ್ಲಿ ಸರಿಯಾಗಿ ಈ ತೆಳ್ಳಗಿನ ವರ್ಷಗಳಲ್ಲೇ ಮನೆಯವರಿಗೆ ಗಾಬರಿ. ಟಾನಿಕ್, ಹಾಲಿಗೆ ಬೆರೆಸುವ ಹುಡಿ, ಬಿಸ್ಕತ್ತು, ಮೊಬೈಲ್ ತೋರಿಸಿ ಬಾಯಿಗೆ ತುರುಕುವ ಮೂರು ತುತ್ತು.

ರಾಗಿ ಮಣ್ಣಿಯ ಬಗ್ಗೆ ನನ್ನ ತಕರಾರಿಲ್ಲ. ಆರು ತಿಂಗಳು ತುಂಬಿದ ಮೇಲೆ ಅದಕ್ಕಿಂತ ಒಳ್ಳೆಯದು ನಮ್ಮೂರಲ್ಲಿ ಏನುಂಟು? ಬೆಲ್ಲ ಸುರಿಯುವುದಕ್ಕಷ್ಟೇ ತಕರಾರು. ಎರಡು ವರ್ಷದವರೆಗೆ ಸಿಹಿ ಸೇರಿಸಬೇಡಿ ಎಂದು ಮಕ್ಕಳ ವೈದ್ಯರು ಹೇಳುವುದನ್ನು ಅಜ್ಜಿಯಂದಿರು ಒಪ್ಪುವುದು ಕಷ್ಟ, ಆದರೂ ಹೇಳಿ ನೋಡಿ.

ತೂಕವೊಂದೇ ಗೊತ್ತಾದರೆ ಮೂಳೆ, ಸ್ನಾಯು, ಕೊಬ್ಬು ಯಾವುದು ಏರಿತು ಎಂದು ಯಾರಿಗೂ ತಿಳಿಯದು. ಉದ್ದವನ್ನೂ ಪಕ್ಕದಲ್ಲಿಟ್ಟರೆ ಅಂದಾಜು ಸಿಗುತ್ತದೆ. ಎರಡು ವರ್ಷದೊಳಗಿನ ಮಗುವನ್ನು ಹಲಗೆಯ ಮೇಲೆ ಮಲಗಿಸಿ, ಕಾಲು ನೇರ ಹಿಡಿದು ಅಳೆಯಬೇಕು. ಒಬ್ಬರಿಂದಾಗದ ಕೆಲಸ, ತಲೆ ಹಿಡಿಯಲು ಇನ್ನೊಬ್ಬರು ಬೇಕು. ಅದಕ್ಕೇ ಎಷ್ಟೋ ಕಡೆ ಬಿಟ್ಟೇಬಿಡುತ್ತಾರೆ. ಇದಕ್ಕೆ ಮಣಿಪಾಲದ ದೊಡ್ಡ ಆಸ್ಪತ್ರೆಗೆ ಓಡಬೇಕಿಲ್ಲ, ಅಂಗನವಾಡಿಯಲ್ಲೇ ಆಗುತ್ತದೆ. ಮುಂದಿನ ಸಲ ಹೋದಾಗ ತಲೆ ಹಿಡಿಯಲು ನೀವೇ ನಿಂತು ಉದ್ದ ಅಳೆಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.